ಕಿಟಕಿಗೊಂದು ಹಿಡಿ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮಗುವಿನ ಅಳು ನಿಂತಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ನನ್ನ ಜಾಗರೂಕತೆ ಕಾರಣವಲ್ಲ. ಹನ್ನೆರಡರ ಬಸ್ಸಿನಲ್ಲಿ ಮೂಡಬಿದಿರೆಗೆ ಹೋಗಬೇಕೆಂದು ಜಗಲಿಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಅಳು ನಿಂತದ್ದು ನನಗೆ ಹಿತವಾಗಿಯೇ ಕೇಳಿಸಿತು. ಚಪ್ಪಲಿ ಮೆಟ್ಟಿದೆ. ಅದರ ಬಾರು ಸರಿಮಾಡಿದೆ. ಕೊಡೆ ಬೇಕೋ ಬೇಡವೋ ಎಂದು ಆಕಾಶ ನೋಡಿದೆ. ಇಷ್ಟಕ್ಕೆ ಎಷ್ಟು ನಿಮಿಷ ಹಿಡಿದಿರಬಹುದೆಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕೆಲವು ಸಲ ಮೂರು ಬರುತ್ತದೆ, ಕೆಲವು ಸಲ ಐದು. ಐದು ಬಂದ ದಿನ ಊಟ ಸೇರುವುದಿಲ್ಲ.

ಮೂಡಬಿದಿರೆಗೆ ಹೊರಟದ್ದು ಒಂದು ಕಿಟಕಿಯ ಹಿಡಿ ತರುವುದಕ್ಕೆ. ಬಂಟ್ವಾಳದ ಪೇಟೆಯಲ್ಲಿ ಸಿಗದಂಥ ಹಿಡಿ ಯಾವುದಪ್ಪಾ ಎಂದು ನೀವು ಕೇಳಬಹುದು. ನಾವು ಬಾಡಿಗೆಗಿದ್ದ ಮನೆಯನ್ನು ಕಟ್ಟಿಸಿದವರು ಯುದ್ಧಕ್ಕೆ ಮೊದಲು ರಂಗೂನಿನಲ್ಲಿ ದುಡಿದು ಬಂದವರು. ಊರಿನ ಉಳಿದ ಮನೆಗಳ ಕಿಟಕಿಗೆ ಒಂದು ಕೊಂಡಿ ಅಥವಾ ಒಂದು ಮರದ ತುಂಡು ಸಾಕಾಗಿದ್ದರೆ, ಇವರು ತೇಗದ ಕದ ಮಾಡಿಸಿ ಅದಕ್ಕೆ ತಿರುಗಿಸುವ ಹಿತ್ತಾಳೆಯ ಹಿಡಿ ಕೂರಿಸಿದ್ದರು. ಹಿಡಿಯ ಬೆನ್ನಿಗೆ ಚೌಕನೆಯ ಕಬ್ಬಿಣದ ಕಡ್ಡಿ. ಅದು ಕದದ ತೂತಿನೊಳಗೆ ಹೋಗಿ ಕೂರುತ್ತದೆ. ಹಿಡಿ ತಿರುಗಿಸಿದರೆ ಚಿಲಕ ಸರಿದು ಕದ ಹೊರಗೆ ತೆರೆಯುತ್ತದೆ. ಹಿಡಿಯನ್ನು ಬಿಚ್ಚಿದರೆ ಉಳಿಯುವುದು ಹಲಗೆಯ ಈ ಬದಿಯಿಂದ ಆ ಬದಿಗೆ ಹೋಗುವ, ಕಿರುಬೆರಳು ತೂರುವಷ್ಟು ದೊಡ್ಡ ತೂತು ಮಾತ್ರ.

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದೂ ವಾತಾಯನವೆಂದೂ ಹೆಸರುಗಳಿವೆ. ಒಂದರಲ್ಲಿ ಹಸುವಿನ ಕಣ್ಣುಂಟು, ಇನ್ನೊಂದರಲ್ಲಿ ಗಾಳಿಯ ದಾರಿಯುಂಟು. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡುವಾಗ, ತೆರೆಯುವ ಕೈಯ ಮಾತು ಎರಡರಲ್ಲೂ ಇಲ್ಲವಲ್ಲ ಎಂದು ನನಗೆ ಹೊಳೆದಿರಲಿಲ್ಲ. ಕಿಟಕಿ ತಾನಾಗಿ ತೆರೆಯುತ್ತದೆ ಎಂದು ಹೆಸರಿಟ್ಟವರೂ ನಂಬಿದ್ದಿರಬೇಕು. ಅವರ ಮನೆಯಲ್ಲಿ ಆಳುಗಳಿದ್ದರೋ ಏನೋ.

ನಮ್ಮ ಆರು ಕಿಟಕಿಗಳಲ್ಲಿ ನಡುಕೋಣೆಯದರ ಹಿಡಿ ಮುರಿದು ಹೆಬ್ಬೆರಳಷ್ಟು ಮೊಂಡು ಉಳಿದಿತ್ತು. ನನ್ನ ಹೆಂಡತಿ ವಾರಿಜ ಬಸುರಿಯಾಗಿದ್ದಾಗ ಆ ಮೊಂಡಿನಿಂದ ಎರಡು ಸಲ ಬೆರಳು ಕೊಯ್ದುಕೊಂಡಿದ್ದಳು. ಹೊಸತು ತರುತ್ತೇನೆ ಎಂದು ನಾನು ನಾಲ್ಕು ತಿಂಗಳು ಹೇಳಿದೆ. ಅಷ್ಟರಲ್ಲಿ ಹೆರಿಗೆಯಾಗಿ ಅದೇ ಬಾಣಂತಿ ಕೋಣೆಯಾಯಿತು. ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಕ್ರಮ. ಆದರೆ ಬೆಳ್ತಂಗಡಿಯಿಂದಲೂ ಒಳಗಿರುವ ಅತ್ತೆಯ ಊರಿಗೆ ಡಾಕ್ಟರು ದೂರ. ಆದ್ದರಿಂದ ಅತ್ತೆಯೇ ಎಣ್ಣೆಯ ಭರಣಿ, ಕಷಾಯದ ಬೇರು ಕಟ್ಟಿಕೊಂಡು ಬಂಟ್ವಾಳಕ್ಕೆ ಬಂದರು. ಅವರ ಊರಿನ ಸುತ್ತ ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅವರಿಗೇ ಕರೆ. ದಿನವೂ ಮಗಳನ್ನು ಬಿಸಿನೀರಿನಲ್ಲಿ ಮೀಯಿಸಿ, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ತೆಂಗಿನ ಗೆರಟೆಯ ಕೆಂಡ ತುಂಬಿದ ಮಡಕೆ ಇಟ್ಟು, ಕಿಟಕಿ ಮುಚ್ಚುತ್ತಿದ್ದರು. ಬಾಣಂತಿಗೆ ಗಾಳಿ ತಾಗಬಾರದು. ಅರ್ಧ ಗಂಟೆಯ ಮೇಲೆ, ಸೆಕೆ ತಡೆಯದೆ, ವಾರಿಜ ತಾನೇ ಎದ್ದು ಆ ಮೊಂಡನ್ನು ತಿರುಗಿಸಿ ಕದ ತೆರೆಯುತ್ತಿದ್ದಳು. ಅಮ್ಮ ಮಗಳ ನಡುವೆ ಇದೊಂದು ಮಾತಿಲ್ಲದ ಒಪ್ಪಂದ.

ಆ ಶನಿವಾರ ಅವಳು ಬಚ್ಚಲಿನಲ್ಲಿದ್ದಾಗ ನಾನು ಕದ ಮುಚ್ಚಿ, ಮೊಂಡನ್ನು ಕಡ್ಡಿ ಸಮೇತ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಂಗಡಿಯಲ್ಲಿ ಮಾದರಿ ತೋರಿಸಬೇಕಲ್ಲ. ಯಾರಿಗೂ ಹೇಳಲಿಲ್ಲ. ಹೊಸ ಹಿಡಿ ಹಾಕಿ ತೋರಿಸಿದರಾಯಿತು, ನಾಲ್ಕು ತಿಂಗಳ ಸೋಮಾರಿತನಕ್ಕೆ ಒಂದೇ ಸಲ ಮರ್ಯಾದೆ ಸಿಗುತ್ತದೆ ಎಂಬ ಆಸೆ.

ಕೊಡೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿ ಒಳಗೆ ಬಂದು, "ಹೋಗಿ ಬರ್ತೇನೆ" ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಹೇಳಿದೆ. ಬಾಗಿಲು ತಳ್ಳಿದೆ. ಬಟ್ಟೆ ಬದಲಿಸುವುದಕ್ಕೆಂದು ಅವಳು ಒಳಗಿನಿಂದ ಅಗಳಿ ಹಾಕಿದ್ದಳು. ಹಲಸಿನ ಬಾಗಿಲು; ನನ್ನ ಭುಜಕ್ಕೆ ಅಲುಗಲಿಲ್ಲ. ಅತ್ತೆ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ನನ್ನ ಕೂಗು ಕೇಳಿ ಒದ್ದೆ ಕೈಯಲ್ಲಿ ಓಡಿ ಬಂದರು. ನಾನು ಮನೆಗೆ ಸುತ್ತು ಹಾಕಿ ಕಿಟಕಿಯ ಹೊರಬದಿಗೆ ಹೋದೆ. ಕದ ನುಣ್ಣಗಿತ್ತು. ಎಳೆಯುವುದಕ್ಕೆ ಏನೂ ಇರಲಿಲ್ಲ. ಉಗುರಿನಿಂದ ಕೆರೆದೆ. ಕದ ಕೆರೆಯುತ್ತಿದ್ದೆ, ಜೇಬಿನಲ್ಲಿ ಹಿಡಿ ಇತ್ತು. ಹೊರಗಿನಿಂದ ಆ ತೂತಿಗೆ ಕಡ್ಡಿ ತೂರಿಸಿ ಒಂದು ಸಲ ತಿರುಗಿಸಿದ್ದರೆ ಸಾಕಾಗುತ್ತಿತ್ತು. ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವನಿಗೆ ಅದು ನೆನಪಾದದ್ದು ಸಂಜೆ.

ಬೇಲಿಯಾಚೆಯ ಅದ್ದುಲ್ಲ ಬ್ಯಾರಿಗಳು ಹಾರೆ ಹಿಡಿದು ಬಂದರು. ನಾನು ಅಳುತ್ತಿದ್ದೆನಂತೆ.

"ಮಾಷ್ಟ್ರೇ, ಆಚೆ ನಿಲ್ಲಿ. ಅಳುವುದು ಆಮೇಲೆ ಅಳುವ" ಎಂದರು.

ಹಾರೆಯ ಮೂರನೆಯ ಪೆಟ್ಟಿಗೆ ತೇಗದ ಕದ ಸೀಳಿತು. ಒಳಗಿನಿಂದ ಬೆಚ್ಚಗಿನ ಗಾಳಿ ಮುಖಕ್ಕೆ ಬಂತು. ಹೊಗೆ ಇರಲಿಲ್ಲ, ಅದೇ ಭಯಂಕರ; ಕೆಂಡದ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಸರಳುಗಳ ಆಚೆ ವಾರಿಜ ಕಿಟಕಿಯ ಕೆಳಗೆ, ನೆಲದ ಮೇಲೆ ಬಿದ್ದಿದ್ದಳು. ಅವಳು ಎದ್ದು ಬಂದಿದ್ದಳು. ಹಿಡಿ ಇರಬೇಕಾದಲ್ಲಿಗೆ ಕೈ ಹಾಕಿರಬೇಕು. ಇದನ್ನು ಬರೆಯುವಾಗಲೂ ನನ್ನ ಕೈ ಆ ಖಾಲಿ ಹಲಗೆಯನ್ನು ತಡವುತ್ತದೆ.

ಅದ್ದುಲ್ಲ ಬ್ಯಾರಿಗಳು ತೆಂಗಿನಕಾಯಿ ಕೀಳುವ ದೋಟಿಯನ್ನು ಸರಳಿನ ನಡುವೆ ತೂರಿಸಿ, ಅದರ ಕೊಕ್ಕೆಯಿಂದ ಬಾಗಿಲಿನ ಅಗಳಿ ಎತ್ತಿದರು. ಇಬ್ಬರನ್ನೂ ಜಗಲಿಗೆ ತಂದು ಮಲಗಿಸಿದೆವು. ಹದಿನೆಂಟು ದಿನದ ಮಗು ಮೊದಲು ಕೆಮ್ಮಿತು, ಆಮೇಲೆ ವಾರಿಜ. ಡಾಕ್ಟರು ಬಂದು ಮಡಕೆಯನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇದೆಂತ ಬಾಣಂತಿ ಕೋಣೆಯಾ, ಕೊಬ್ಬರಿ ಒಣಗಿಸುವ ಗೂಡಾ? ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ನನ್ನನ್ನು ಕರೆಯುವ ಅಗತ್ಯವೇ ಇರಲಿಲ್ಲ."

ಅತ್ತೆ ತಲೆ ತಗ್ಗಿಸಿದರು. ನೆರೆಯವರೆಲ್ಲ ಸೇರಿದ್ದರು. ಸೀಳಿದ ಕದವನ್ನು ತಿರುಗಿಸಿ ನೋಡುತ್ತಾ ಅದ್ದುಲ್ಲ ಬ್ಯಾರಿಗಳು ಕೇಳಿದರು: "ಇದರ ಹಿಡಿ ಎಂತಾಯಿತು ಮಾಷ್ಟ್ರೇ?"

"ಮುರಿದು ಹೋಗಿತ್ತು" ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಓದಿದವರಿಗೆ ಇಂಥ ಸೌಕರ್ಯಗಳಿರುತ್ತವೆ.

ಮುಂದಿನ ಶನಿವಾರ ಮೂಡಬಿದಿರೆಗೆ ಹೋದೆ. ಸಿದ್ಧಕಟ್ಟೆ ದಾಟುವವರೆಗೂ ಜೇಬಿನೊಳಗೆ ಆ ಮೊಂಡನ್ನು ಹಿಡಿದೇ ಇದ್ದೆ. ಹಳೆಯ ಹಿತ್ತಾಳೆ ಸಾಮಾನಿನ ಅಂಗಡಿಯ ಮುದುಕರು ಕನ್ನಡಕ ಏರಿಸಿ ಅದನ್ನು ನೋಡಿದರು.

"ಮಾದರಿ ತರುವುದಾದರೆ ಸರಿಯಿದ್ದದ್ದು ತರಬೇಕು ಮಾಷ್ಟ್ರೇ. ಮನೆಯಲ್ಲಿ ಬೇರೆ ಕಿಟಕಿ ಇಲ್ಲವಾ?"

ಇದ್ದವು. ಐದು. ಜಗಲಿಯ ಕಿಟಕಿಯದನ್ನು ಬಿಚ್ಚಿ ತಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಮುದುಕರಿಗೆ ಒಂದು ಕ್ಷಣದಲ್ಲಿ ಹೊಳೆದದ್ದು ನನಗೆ ಹೊಳೆಯದೆ ಹೋಯಿತು. ಯಾವುದನ್ನು ಬದಲಿಸಬೇಕೋ ಅದನ್ನೇ ಒಯ್ಯಬೇಕು ಎಂಬುದು ನನ್ನ ತರ್ಕ.

ಅವರು ಚಾಪೆಯ ಮೇಲೆ ಹಿಡಿಗಳನ್ನು ಹರಡಿದರು. ಬಳ್ಳಿ ಕೆತ್ತಿದ್ದು, ಗಿಳಿಯ ಮೂತಿಯದ್ದು, ತಾವರೆಯ ಮೊಗ್ಗಿನದ್ದು. ಮನುಷ್ಯ ಏನನ್ನೆಲ್ಲ ನೋಡಿ ಹಿಡಿ ಆರಿಸುತ್ತಾನೆ! ಹೊಳಪು, ಕೆತ್ತನೆ, ನೆಂಟರು ಬಂದಾಗ ಕಾಣುವ ಚಂದ. ನಾನು ಕಣ್ಣು ಮುಚ್ಚಿ, ಒಂದೊಂದನ್ನೇ ಎರಡು ಬೆರಳಿನಿಂದ ಮಾತ್ರ ತಡವಿದೆ. ತಲೆ ಸುತ್ತುವವರ ಕೈಗೆ, ಬಲವಿಲ್ಲದ ಬೆರಳಿಗೆ, ಯಾವುದು ಒದಗುತ್ತದೆ? ಗಿಳಿಯ ಕೊಕ್ಕು ಚುಚ್ಚಿತು. ಮೊಗ್ಗು ಜಾರಿತು.

"ಕಣ್ಣು ಮುಚ್ಚಿ ಎಂತದು ನೋಡುವುದು? ಚಿನ್ನವಾದರೂ ಕಣ್ಣು ಬಿಟ್ಟೇ ತೆಗೆದುಕೊಳ್ಳುತ್ತಾರೆ" ಎಂದು ಮುದುಕರು ನಕ್ಕರು.

ಕೊನೆಗೆ ಏನೂ ಕೆತ್ತನೆಯಿಲ್ಲದ, ಉದ್ದ ತೋಳಿನ, ಕುರೂಪಿ ಹಿಡಿಯೊಂದನ್ನು ಆರಿಸಿದೆ. ಅಂಥದೇ ಇನ್ನೊಂದನ್ನು ಕದದ ಹೊರಬದಿಗೂ ಕೇಳಿದೆ.

"ಹೊರಗಿನಿಂದಲೂ ತೆರೆಯುವ ಕಿಟಕಿಯಾ? ಕಳ್ಳನಿಗೆ ಒಳ್ಳೆಯದಾಯಿತು ಮಾರಾಯ್ರೆ!"

"ಬರಲಿ" ಎಂದೆ. ಅವರು ನಗು ನಿಲ್ಲಿಸಿ ಕಡ್ಡಿಯ ಅಳತೆ ತೆಗೆದರು.

ಆಚಾರಿ ಹೊಸ ಕದ ಮಾಡಿದ. ಹಿಡಿಯನ್ನು ನಾನೇ ಕೂರಿಸಿದೆ. ಹಿಡಿ ಕೂರಿಸುವುದು ಸುಲಭದ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ. ತೂತು ಕೂದಲಿನಷ್ಟು ಓರೆಯಾದರೂ ಕಡ್ಡಿ ಹಲಗೆಗೆ ಉಜ್ಜುತ್ತದೆ. ತಿರುಪು ಹೆಚ್ಚು ಬಿಗಿದರೆ ಹಿಡಿ ತಿರುಗುವುದಿಲ್ಲ, ಸಡಿಲಬಿಟ್ಟರೆ ತಾನೇ ಜೋತು ಬೀಳುತ್ತದೆ. ಮೂರು ಸಲ ಬಿಚ್ಚಿ ಕೂರಿಸಿದೆ. ಬಾಗಿಲಿನ ಅಗಳಿಯನ್ನೂ ಕಿತ್ತು ಹಾಕಿದೆ. ನಿದ್ದೆ ಮಾತ್ರ ಬರಲಿಲ್ಲ. ದಿನವೂ ಎರಡು ಮೂರು ಸಲ ಎದ್ದು ಆ ಹಿಡಿಯನ್ನು ತಿರುಗಿಸಿ ನೋಡದೆ ಬೆಳಗಾಗುತ್ತಿರಲಿಲ್ಲ. ಹಿಂದಿರುಗಿ ಬರುವಾಗ ವಾರಿಜ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತಿದ್ದಳು. ಮಗು ಒಂದೇ ನಮ್ಮ ಮನೆಯಲ್ಲಿ ನಿದ್ದೆ ಮಾಡುತ್ತಿದ್ದದ್ದು.

ಅತ್ತೆ ನಲವತ್ತು ದಿನ ತುಂಬಿಸಿ ಊರಿಗೆ ಹೋದರು. ಅವರಿಗಿಂತ ಮುಂಚೆ ಸುದ್ದಿ ಹೋಗಿತ್ತು. ನಮ್ಮಲ್ಲಿ ಕಾಗದ ಎರಡು ದಿನಕ್ಕೆ ತಲುಪಿದರೆ ಅಪವಾದ ಮೊದಲನೆಯ ಬಸ್ಸಿಗೇ ತಲುಪುತ್ತದೆ. ಮಳೆ ಬಿಟ್ಟ ಮೇಲೆ ತವರಿನಿಂದ ಬಂದ ಕಾಗದವನ್ನು ವಾರಿಜ ಓದಿ ಮಡಚಿದಳು.

"ಅಮ್ಮನನ್ನು ಈಗ ಯಾರೂ ಬಾಣಂತನಕ್ಕೆ ಕರೆಯುವುದಿಲ್ಲವಂತೆ. ಆಚೆಮನೆ ಸುಂದರಕ್ಕನ ಸೊಸೆಗೆ ಅಳದಂಗಡಿಯಿಂದ ಬೇರೆಯವರನ್ನು ಕರೆಸಲಿಕ್ಕೆ ಉಂಟಂತೆ. ಮಗಳನ್ನೇ ಕೊಲ್ಲಲಿಕ್ಕೆ ಹೊರಟವಳು ಅಂತ ಹೇಳುತ್ತಾರಂತೆ."

ಮೂವತ್ತು ವರ್ಷ ನೂರಾರು ಮಕ್ಕಳನ್ನು ಮೀಯಿಸಿದ ಕೈ ಅದು. ಅದೇ ಕೆಂಡ, ಅದೇ ಮುಚ್ಚಿದ ಕಿಟಕಿ. ಹಿಂದೆಂದೂ ಹೀಗಾಗಿರಲಿಲ್ಲ, ಯಾಕೆಂದರೆ ಹಿಂದೆಂದೂ ಯಾವ ಅಳಿಯನೂ ತೆರೆಯುವುದನ್ನು ಕಿತ್ತು ಜೇಬಿಗೆ ಹಾಕಿಕೊಂಡಿರಲಿಲ್ಲ.

ಆ ಭಾನುವಾರವೇ ಮೂವರೂ ಹೊರಟೆವು. ಬಸ್ಸಿನಲ್ಲಿ ವಾರಿಜನಿಗೆ ಎಲ್ಲವನ್ನೂ ಹೇಳಿದೆ. ಜೇಬಿನಲ್ಲಿತ್ತು ಎಂಬುದನ್ನೂ ಹೇಳಿದೆ. ಅವಳು ಹೊರಗೆ ನೋಡುತ್ತಾ ಕೂತಳು. ಪುಂಜಾಲಕಟ್ಟೆ ದಾಟಿತು. ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿದಳು.

"ನಾನು ಆ ತೂತಿಗೆ ಬೆರಳು ಹಾಕಿ ತಿರುಗಿಸಲಿಕ್ಕೆ ನೋಡಿದ್ದೆ, ಗೊತ್ತುಂಟಾ?" ಎಂದಳು. ಬಸ್ಸಿಳಿಯುವಾಗ, "ಅಮ್ಮನಿಗೆ ನೀವೇ ಹೇಳಬೇಕು. ನಾನು ಹೇಳುವುದಿಲ್ಲ" ಎಂದಳು.

ಅತ್ತೆ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದರು. ಕೈಕಾಲಿಗೆ ನೀರು, ಬೆಲ್ಲ, ಎಲ್ಲ ಆಯಿತು. ನಾನು ಕೂರದೆ ನಿಂತೇ ಹೇಳಿದೆ. ತರಗತಿಯಲ್ಲಿ ನನ್ನ ಎದುರು ಹುಡುಗರು ನಿಲ್ಲುವ ಹಾಗೆ ನಿಂತಿದ್ದೆ. ಅತ್ತೆ ಕಾಲಿನಿಂದ ಭತ್ತ ಹರಡುತ್ತಲೇ ಇದ್ದರು.

"ಗೊತ್ತುಂಟು."

"ಏನು ಗೊತ್ತುಂಟು?"

"ಹಿಡಿ ಇರಲಿಲ್ಲ ಅಂತ. ತೂತಿನಿಂದ ಗಾಳಿ ಬರುತ್ತಿತ್ತು. ಬಾಣಂತಿಗೆ ತಾಗುತ್ತದೆ ಅಂತ ಅದಕ್ಕೆ ಬಟ್ಟೆಯ ತುಂಡು ತುರುಕಿದ್ದು ನಾನೇ ಅಲ್ಲವಾ? ಇವಳು ಅದನ್ನು ಕಿತ್ತು ಹಾಕಿದ್ದಳು, ಕಿಟಕಿಯ ಕೆಳಗೆ ಬಿದ್ದಿತ್ತು. ನೀವು ಎಲ್ಲಿಗೋ ರಿಪೇರಿಗೆ ಕೊಂಡುಹೋಗಲಿಕ್ಕೆ ತೆಗೆದದ್ದು ಅಂತ ಗ್ರಹಿಸಿದೆ."

ಅಂದರೆ ಆ ದಿನ ಡಾಕ್ಟರು ಬೈಯುವಾಗ, ನೆರೆಯವರು ಮೂಗಿನ ಮೇಲೆ ಬೆರಳಿಡುವಾಗ, ನಾನು ತರ್ಕಬದ್ಧವಾಗಿ ಉತ್ತರಿಸುವಾಗ, ಇವರು ಎಲ್ಲ ತಿಳಿದೇ ತಲೆ ತಗ್ಗಿಸಿ ನಿಂತಿದ್ದರು.

"ಮತ್ತೆ ಯಾಕೆ ಹೇಳಲಿಲ್ಲ ಅಮ್ಮ?" ಎಂದು ವಾರಿಜ ಕೇಳಿದಳು.

"ಹೇಳಿ ಎಂತ ಮಾಡುವುದು? ಬೈಗುಳಕ್ಕೆ ಒಬ್ಬಳು ಸಾಕಾಗುವಲ್ಲಿ ಇಬ್ಬರು ಯಾಕೆ? ಇವರು ಮಕ್ಕಳಿಗೆ ಬುದ್ಧಿ ಹೇಳಬೇಕಾದವರು." ಭತ್ತದ ಮೇಲೆ ಬಂದ ಕೋಳಿಯನ್ನು ಓಡಿಸಿ, "ಈಗ ಕೂತುಕೊಳ್ಳಿ. ಕಾಫಿ ತಣಿಯುತ್ತದೆ" ಎಂದರು.

ನಾನು ಕೂರಲಿಲ್ಲ. ಬೇಲಿ ದಾಟಿ ಸುಂದರಕ್ಕನ ಮನೆಗೆ ಹೋದೆ. ಅತ್ತೆ ಹಿಂದಿನಿಂದ, "ಬೇಡ, ಬೇಡ" ಎನ್ನುತ್ತಿದ್ದದ್ದು ಕೇಳುತ್ತಿತ್ತು. ಸುಂದರಕ್ಕ ಅಕ್ಕಿ ಗೇರುತ್ತಿದ್ದರು. ಜಗಲಿಯಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದರು, ಒಳ್ಳೆಯದೇ ಆಯಿತು. ಹಿಡಿ ನನ್ನ ಜೇಬಿನಲ್ಲಿತ್ತು ಎಂದು ಮೂವರಿಗೂ ಕೇಳುವ ಹಾಗೆ ಹೇಳಿದೆ. ಸುಂದರಕ್ಕನ ಕೈಯಲ್ಲಿ ಮೊರ ನಿಂತಿತು.

"ಅಯ್ಯೋ ದೇವರೇ! ಇಷ್ಟು ಓದಿದವರಾ ನೀವು?"

"ಹೌದು" ಎಂದೆ. ಆ ಪದವಿಯ ಬಗ್ಗೆ ಅಷ್ಟು ನಿಜವಾದ ಮಾತನ್ನು ನಾನು ಎಲ್ಲೂ ಆಡಿಲ್ಲ.

ಸಂಜೆ ಸುಂದರಕ್ಕ ತಾವೇ ಬಂದರು. ನನ್ನ ಕಡೆ ನೋಡಲಿಲ್ಲ, ಇನ್ನೂ ಕೆಲವು ವರ್ಷ ನೋಡಲಾರರು. ಅತ್ತೆಯ ಹತ್ತಿರ ಕೂತು, ಬಾಣಂತಿ ಸೊಸೆಗೆ ಸೊಂಟ ನೋವು, ಅಳದಂಗಡಿಯವರಿಗೆ ಬರಲಿಕ್ಕೆ ಆಗುವುದಿಲ್ಲವಂತೆ ಎಂದು ನೆಲ ನೋಡುತ್ತಾ ಹೇಳಿದರು. ಅತ್ತೆ ಸ್ವಲ್ಪ ಬಿಗಿದುಕೊಂಡೇ ಇದ್ದರು. ಆಮೇಲೆ, "ನಾಳೆ ಬೆಳಿಗ್ಗೆ ಬರ್ತೇನೆ. ಆದರೆ ಕಿಟಕಿ ಒಂದು ಗೇಣು ತೆಗೆದಿಡಬೇಕು. ಆಗುವುದಿಲ್ಲವಾದರೆ ಈಗಲೇ ಹೇಳು" ಎಂದರು. ಅವರು ಸ್ವರ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಚಾಪೆಯ ಅರ್ಧಕ್ಕೆ ಬಂದಿತ್ತು. ಅತ್ತೆ ಎಣ್ಣೆಯ ಕುಪ್ಪಿ ಹಿಡಿದು ಆಗಲೇ ಹೋಗಿಯಾಗಿತ್ತು. ಮಗು ಎದ್ದು ತನ್ನ ಕಾಲಿನ ಜೊತೆ ಆಡುತ್ತಿತ್ತು. ವಾರಿಜ ಬಾಯಿ ತೆರೆದು, ಒಂದು ಕೈಯನ್ನು ನನ್ನ ಮುಖದ ಮೇಲೆ ಹಾಕಿ, ಗೊರಕೆ ಹೊಡೆಯುತ್ತಿದ್ದಳು. ಬಂಟ್ವಾಳದ ಮೊದಲ ಬಸ್ಸೂ ಎರಡನೆಯದೂ ಹೋಗಿದ್ದವು. ಶಾಲೆಗೆ ಕೊಡಬೇಕಾದ ರಜೆ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಲಿ ಎಂದು ಮಲಗಿದಲ್ಲೇ ಯೋಚಿಸಿದೆ. ಜ್ವರ ಎನ್ನಬಹುದಿತ್ತು, ನೆಂಟರ ಮನೆಯ ಕಾರ್ಯ ಎನ್ನಬಹುದಿತ್ತು. ನಿದ್ದೆ ಬಂದಿತ್ತು ಎಂದೇ ಬರೆದೆ. ಹೆಡ್ಮಾಷ್ಟ್ರು ಅದನ್ನು ಎರಡು ಸಲ ಓದಿ, ಅರ್ಧ ದಿನದ ರಜೆ ಎಂದು ಗುರುತು ಹಾಕಿದರು. ಆ ದಿನ ಸೋಮವಾರ.