ಗಂಗವ್ವನ ಗೋಡೆಯ ಎರಡು ಗೂಟ

ಕಳೆದ ಮಂಗಳವಾರ ಮುಂಜಾನೆ ಉಟಗಿಯ ಗಂಗವ್ವನ ಪಡಸಾಲೆಯಲ್ಲಿ ಮೂವರಿದ್ದೆವು. ಗಂಗವ್ವ ಎಪ್ಪತ್ತು ದಾಟಿದವಳು, ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಎದುರಿಗೆ ಪುಣೆಯ ಕಾಲೇಜಿನ ತರುಣ ವಸಂತ. ಅವನಿಗೆ ಹಾದಿ ತೋರಿಸಲು ಬಂದವನು ನಾನು, ಪೇಪರಿಗೆ ಬರೆಯುವ ಮಾಸ್ತರ. (ಗಂಗವ್ವನ ಚಹಾದ ಆಸೆಯೂ ಇತ್ತೆನ್ನಿ.)

ವಸಂತನದು ರಿಸರ್ಚು. ಹಳ್ಳಿಗಳಲ್ಲಿ ಹೊಡೆದಾಟ ಯಾಕಾಗುತ್ತದೆ? ಆಗದಂತೆ ಜನರೇ ಏನು ಮಾಡಬಲ್ಲರು? ಕೋರ್ಟಿನ ಭಾರ ಹೇಗೆ ಇಳಿದೀತು? ಚೀಲದ ತುಂಬ ಇಂಥವೇ ಪ್ರಶ್ನೆ. ಮೊದಲನೆಯದನ್ನು ತೆಗೆಯುವ ಮೊದಲೇ ಅವನ ಕಣ್ಣು ಗೋಡೆಗೆ ಬಿತ್ತು. ಒಂದು ಗೂಟಕ್ಕೆ ಕೊಡಲಿ, ಪಕ್ಕದ ಗೂಟಕ್ಕೆ ಕುಡಗೋಲು.

ಅವನು ಸೊಲ್ಲಾಪುರದ ಕಡೆಯವ, ನಮ್ಮ ಮಾತೇ ಅವನದೂ. “ಆಯಿ, ಸುಗ್ಗಿ ದಿನದಾಗ ಕುಡಗೋಲು ಗೋಡಿಗ್ಯಾಕ?”

“ಅವು ನನ್ನವಲ್ಲೋ ತಮ್ಮಾ. ಜಗಳದವು.”

ವಸಂತ ಚೀಲದಿಂದ ಪೆನ್ಸಿಲ್ಲು ತೆಗೆದ. ಸಂಗತಿ ಇಷ್ಟೆ. ಮೂರು ದಿನದ ಹಿಂದೆ ಸಿದ್ದಪ್ಪನ ಕುರಿಗಳು ಬಸಪ್ಪನ ಬೆಳೆದ ಜೋಳಕ್ಕೆ ನುಗ್ಗಿದ್ದವು. ಬಸಪ್ಪ ಕುಡಗೋಲು ಎತ್ತಿದ. ಸಿದ್ದಪ್ಪ ಕೊಡಲಿ ಎತ್ತಿದ. ಪಕ್ಕದ ಹೊಲದವರು ಓಡಿ ಬಂದು ಎರಡನ್ನೂ ಕಸಿದು ಇಲ್ಲಿ ತಂದು ತೂಗುಹಾಕಿದರು. ಬೇಕೆಂದರೆ ಇಬ್ಬರೂ ಕೂಡಿಯೇ ಬರಬೇಕು. ಒಬ್ಬನೇ ಬಂದರೆ ಸಿಗುವುದಿಲ್ಲ. ಇದು ಉಟಗಿಯ ರಿವಾಜು.

ಗಂಗವ್ವನ ಮನೆಯೇ ಯಾಕೆ? ಸಂಸ್ಥಾನದ ಕಾಲದಲ್ಲಿ ಇಂಥದೇ ಒಂದು ಬದುವಿನ ಜಗಳದಲ್ಲಿ ಅವಳ ಗಂಡ ಸತ್ತ. “ಒಬ್ಬಾಂವ ಮಣ್ಣಿಗೆ ಹ್ವಾದ, ಒಬ್ಬಾಂವ ಜೇಲಿಗೆ ಹ್ವಾದ. ಎರಡೂ ಮನಿ ಒಲಿ ಆರಿದ್ವು,” ಎಂದಳು, ಕಡಲೆಯಿಂದ ಕಣ್ಣೆತ್ತದೆ. ಅಂದಿನಿಂದ ಅವಳ ಮುಂದೆ ನಿಂತು ದನಿ ಏರಿಸಲು ಊರಿಗೆ ನಾಚಿಕೆ.

“ಹಂಗಾರ ಪೊಲೀಸ್ ಫೌಜದಾರ ಬ್ಯಾಡೇನು?” ಎಂದ ವಸಂತ.

“ಯಾಕ ಬ್ಯಾಡ? ರಕ್ತ ಬಿತ್ತಂದ್ರ ಅವನ ಕಡಿ. ಅದನ್ನ ಮುಚ್ಚಿಡೂ ಮನಿ ಇದಲ್ಲ. ಬೀಳೂಮಟ ಅಷ್ಟ ನನ್ನ ಕಡಿ.”

“ಮತ್ತ ಇಬ್ಬರೂ ಬರಲಿಲ್ಲಂದ್ರ? ಶಿಕ್ಷಾ ಏನು?”

“ಶಿಕ್ಷಾ ಎಂಥಾದ್ದೋ! ಊರಾಗ ಯಾರೂ ಅವರಿಗೆ ಕುಡಗೋಲು, ಕೊಡಲಿ ಕಡಾ ಕೊಡಂಗಿಲ್ಲ, ಅಷ್ಟ.”

ಎಷ್ಟು ಸಣ್ಣ ಮಾತು! ಆದರೆ ಸುಗ್ಗಿಯಲ್ಲಿ ಕುಡಗೋಲಿಲ್ಲದ ಒಕ್ಕಲಿಗನನ್ನು ನೋಡಿದ್ದೀರಾ? ಬಸಪ್ಪ ಏಳು ಮನೆ ಅಲೆದಿದ್ದ. ಒಂದು ಮನೆಯಲ್ಲಿ ಹಿಡಿ ಮುರಿದಿತ್ತು. ಇನ್ನೊಂದರಲ್ಲಿ ಹೆಂಡತಿ ತವರಿಗೆ ಒಯ್ದಿದ್ದಳು. (ಕುಡಗೋಲನ್ನೇ?) ಕಮ್ಮಾರನ ತಿದಿಗೆ ಆ ದಿನವೇ ತೂತು ಬಿದ್ದಿತ್ತು. ಹೊಲದಲ್ಲಿ ಗುಬ್ಬಿಗಳು ತೆನೆ ಖಾಲಿ ಮಾಡುತ್ತಿದ್ದವು. ಅತ್ತ ಕೊಡಲಿಯಿಲ್ಲದ ಸಿದ್ದಪ್ಪನಿಗೆ ಜಾಲಿಯ ಟೊಂಗೆ ಕಡಿದು ಕುರಿಗೆ ಹಾಕುವ ದಾರಿಯಿಲ್ಲ.

ಅಷ್ಟರಲ್ಲಿ ಬಸಪ್ಪನೇ ಬಂದ. ಒಬ್ಬನೇ.

“ಆಯಿ, ಹಕ್ಕಿ ಉಣ್ಣಾಕ ಹತ್ಯಾವು. ನಂದಷ್ಟ ಕೊಡು.”

ನಾನು ನಡುವೆ ಬಾಯಿ ಹಾಕಿದೆ. “ಗಂಗವ್ವಾ, ವರ್ಷದ ಅನ್ನದ ಮಾತು. ಕೊಟ್ಟುಬಿಡು,” ಎಂದೆ.

“ಮಾಸ್ತರ, ನೀವು ಪೇಪರಿಗೆ ಬರೀರಿ. ಗೂಟ ನಾ ನೋಡ್ಕೋತೀನಿ.”

ನಾನು ಚಹಾದ ಕಪ್ಪು ಎತ್ತಿಕೊಂಡೆ. ಬಸಪ್ಪ ಗೂಟದತ್ತ ಒಮ್ಮೆ ನೋಡಿದ. ಆಮೇಲೆ ಹೊರಬಿದ್ದ. ಹೋದದ್ದು ತನ್ನ ಮನೆಯ ಕಡೆಗಲ್ಲ, ಕುರಿಹಟ್ಟಿಯ ಕಡೆಗೆ. ನಮ್ಮ ಎರಡನೆಯ ಚಹಾ ಮುಗಿಯುವಷ್ಟರಲ್ಲಿ ಇಬ್ಬರೂ ಬಂದರು, ನಡುವೆ ಒಂದು ಎತ್ತು ಹೋಗುವಷ್ಟು ಅಂತರ ಬಿಟ್ಟು.

“ಕುಂದರ್ರಿ. ಮೊದಲ ಯಾರ ತಪ್ಪು?” ಎಂದಳು ಗಂಗವ್ವ.

“ಇವಂದು!” ಎಂದರು ಇಬ್ಬರೂ, ಒಂದೇ ದನಿಯಲ್ಲಿ.

“ಹಾಂ, ಒಂದ ಮಾತಿಗೆ ಬಂದ್ರಿ. ಇನ್ನ ಮುಂದಿಂದು ಹೇಳ್ರಿ.”

ಮೊದಲು ನಕ್ಕವನು ಸಿದ್ದಪ್ಪ. “ನಂಗ ನಿದ್ದಿ ಹತ್ತಿತ್ತೋ ಅಣ್ಣಾ. ಕುರಿ ನುಗ್ಗಿದ್ದು ಖರೇ. ಸುಗ್ಗಿ ಮುಗೀಲಿ, ಎಂಟು ದಿನ ನನ್ನ ಹಿಂಡು ನಿನ್ನ ಹೊಲದಾಗ ತರುಬಿ ನಿಲ್ಲಸ್ತೀನಿ. ಹಿಕ್ಕಿ ಗೊಬ್ಬರಾ ಎಲ್ಲಾ ನಿಂದ.”

ಬಸಪ್ಪ ನೆಲ ನೋಡುತ್ತ, “ಕುಡಗೋಲು ನಾನ ಮೊದಲ ಎತ್ತಿದ್ದು. ಅದು ಚಲೋ ಆಗಲಿಲ್ಲ,” ಎಂದ.

ಗಂಗವ್ವ ಎದ್ದು ಕೊಡಲಿಯನ್ನು ಬಸಪ್ಪನ ಕೈಗೆ ಕೊಟ್ಟಳು, ಕುಡಗೋಲನ್ನು ಸಿದ್ದಪ್ಪನ ಕೈಗೆ. ಅವರು ಒಬ್ಬರದನ್ನೊಬ್ಬರು ಮರಳಿ ಕೊಟ್ಟುಕೊಂಡರು. ನನ್ನ ಮುತ್ಯಾ ಹೇಳುತ್ತಿದ್ದ: ಸಿಟ್ಟು ಅಂದ್ರ ಹಾದಿಹೋಕ, ಕೈಯಾಗ ಏನರ ಕಂಡ್ರ ಅಷ್ಟ ಮುಕ್ಕಾಂ ಹೂಡ್ತೈತಿ. ಆ ಮಾತು ಅರ್ಥವಾಗಲು ನನಗೆ ಇಷ್ಟು ವಯಸ್ಸಾಗಬೇಕಾಯಿತೆ?

ಆ ಮಧ್ಯಾಹ್ನ ಬಸಪ್ಪನ ಹೊಲದಲ್ಲಿ ಹನ್ನೊಂದು ಕುಡಗೋಲು ಆಡುತ್ತಿದ್ದವು. ಹಿಡಿ ಮುರಿದದ್ದೂ ಬಂದಿತ್ತು, ತವರಿಗೆ ಹೋದದ್ದೂ ಬಂದಿತ್ತು. ಒಂದು ಸಾಲು ಸಿದ್ದಪ್ಪನದು. ವಸಂತ ಪ್ರಶ್ನೆಯ ಹಾಳೆ ಮಡಿಚಿಟ್ಟು ತೆನೆ ಹೊರಲು ಹೋದ. ಇಷ್ಟು ಹಿಗ್ಗಿದ ರಿಸರ್ಚನ್ನು ನಾನಂತೂ ಕಂಡಿಲ್ಲ.

ನಿನ್ನೆ ಎಸ್‌ಟಿ ಬಸ್ಸಿನಲ್ಲಿ ಬಿಳೂರಿನ ಅಣ್ಣತಮ್ಮರಿಬ್ಬರು ಉಟಗಿಗೆ ಬಂದು, ತಮ್ಮ ಕೊಡಲಿಗಳನ್ನು ತಾವೇ ಗಂಗವ್ವನ ಗೂಟಗಳಿಗೆ ತೂಗುಹಾಕಿ ಹೋದರು. ಜಗಳ ಇನ್ನೂ ಆಗಿರಲಿಲ್ಲ, ಮರುದಿನ ಹೊಲ ಪಾಲು ಮಾಡುವುದಿತ್ತಂತೆ.