ಇಲ್ಲದ ಅಂಗಡಿ, ಸಿಗದ ಗುಳಿಗೆ

ನಾನು ಬರೆದ ಮೊದಲ ಸುತ್ತೋಲೆ ನಾಲ್ಕು ಪುಟದ್ದು. ಅದನ್ನು ಓದಿ ಮುಗಿಸಿದ ನಮ್ಮ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನು ಒಂದು ಗುಳಿಗೆಯೂ ಅಡ್ಡದಾರಿ ಹಿಡಿಯೋದಿಲ್ಲ ನೋಡಮ್ಮಾ" ಎಂದು ತೆಲುಗಿನಲ್ಲಿ ಹೇಳಿದರು. ಆ ಸಂಜೆ ಹಿಮಾಯತ್‌ನಗರದ ಕಚೇರಿಯಿಂದ ಕಾಚಿಗೂಡದ ಮನೆಯವರೆಗೆ ನಾನು ನಡೆದೇ ಹೋದೆ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕಿತ್ತು.

ನಮ್ಮದು ರಾಯಚೂರು ಕಡೆಯ ಮನೆತನ. ಅಪ್ಪ ರೈಲ್ವೆ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತನಾಗಿ ಕಾಚಿಗೂಡಕ್ಕೆ ಬಂದವನು ಇಲ್ಲೇ ನೆಲೆಯೂರಿದ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಇನ್ನೂ ನಾಲ್ಕು ಹೆಜ್ಜೆ ಹೋದರೆ ಹಿಂದಿ. ಹಾಗೇ ಬೆಳೆದೆವು ನಾನೂ ನನ್ನ ತಂಗಿಯೂ. ನಾನು ಫಾರ್ಮಸಿ ಓದಿ, ಔಷಧ ಅಂಗಡಿಗಳನ್ನು ತಪಾಸಣೆ ಮಾಡುವ ಸರ್ಕಾರಿ ಇನ್‌ಸ್ಪೆಕ್ಟರ್ ಆದೆ. ಹೆಂಗಸು ಇನ್‌ಸ್ಪೆಕ್ಟರ್ ಎಂದರೆ ಅಂಗಡಿಯವರು ಮೊದಲು ಕುರ್ಚಿ ಹಾಕಿ ಕೂರಿಸಿ, ಕುಡಿಯಲು ಥಂಡಾ ತರಿಸುತ್ತಿದ್ದರು. ಥಂಡಾ ಮುಟ್ಟದೆ ಕಪಾಟು ತೆಗೆಸುತ್ತಿದ್ದೆ. ಹಾಗೆ ಹಲವು ವರ್ಷ ಊರೆಲ್ಲ ಸುತ್ತಿದ ಮೇಲೆ ಕಚೇರಿಯೊಳಗೆ ಮೇಜು ಸಿಕ್ಕಿತು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ತಂಗಿಗೂ ಅಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವಾಗಿತ್ತು.

ಆಗಲೇ ಒಂದು ಬಯಲಿನ ಗೋಡೆಯ ಹಿಂದೆ ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗಳ ರಾಶಿ ಸಿಕ್ಕಿತು. ನೋವು ತಗ್ಗಿಸುವ ಇಂಜೆಕ್ಷನ್ನಿನ ಖಾಲಿ ಸೀಸೆಗಳೂ ಅದರಲ್ಲಿದ್ದವು. ಯಾವುದೂ ಕಳ್ಳ ಮಾಲಲ್ಲ. ಎಲ್ಲವೂ ಪರವಾನಗಿ ಇರುವ ಕಾರ್ಖಾನೆಯಲ್ಲಿ ತಯಾರಾಗಿ, ಪರವಾನಗಿ ಇರುವ ಸಗಟು ವ್ಯಾಪಾರಿಯ ಕೈಗೆ ಬಂದ ಔಷಧಿಗಳೇ. ರೋಗಿಗೆ ಹೋಗಬೇಕಾದದ್ದು ನಡುವೆ ಎಲ್ಲೋ ತಪ್ಪಿಸಿಕೊಂಡು ನಶೆ ಮಾಡುವವರ ಕೈ ಸೇರಿತ್ತು. ಪತ್ರಿಕೆಗಳಲ್ಲಿ ಬಂತು. ಮೇಲಿನಿಂದ ಪ್ರಶ್ನೆ ಬಂತು. ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದು ನಿಯಮ ಬೇಕೆಂದು ತೀರ್ಮಾನವಾಗಿ, ಆ ಫೈಲು ನನ್ನ ಮೇಜಿಗೆ ಬಂತು.

ಬಿಗಿ ಮಾಡುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಸಿರಪ್ಪು, ಇಂಜೆಕ್ಷನ್ನುಗಳ ಜೊತೆಗೆ ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಗುಳಿಗೆಯನ್ನೂ ಸೇರಿಸಿದೆ. ಆಸ್ಪತ್ರೆಗಳು ತೀರಾ ಕಡಿಮೆ ದಾಸ್ತಾನು ಇಡಬೇಕು. ಒಮ್ಮೆಗೆ ಮೂರು ದಿನದ ಗುಳಿಗೆ ಮಾತ್ರ ಕೊಡಬೇಕು. ರೋಗಿಯೇ ಖುದ್ದು ಬಂದು ಸಹಿ ಹಾಕಬೇಕು. ಲೆಕ್ಕ ತಪ್ಪಿದರೆ ಪರವಾನಗಿ ರದ್ದು. ಈಗ ಬರೆಯುವಾಗ ಕೈ ಸಂಕೋಚಪಡುತ್ತದೆ. ಆಗ ಪ್ರತಿ ಸಾಲಿಗೂ ಬೀಗಿದ್ದೆ.

ಸುತ್ತೋಲೆ ಜಾರಿಗೆ ಬಂದು ಎರಡು ತಿಂಗಳಾದ ಮೇಲೆ, ಅದು ಹೇಗೆ ನಡೆದಿದೆ ನೋಡೋಣವೆಂದು ಒಂದು ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ಔಷಧ ಕೊಡುವ ಕಿಟಕಿಯ ಮುಂದೆ ದೊಡ್ಡ ಸಾಲು. ಕಿಟಕಿಗೆ ಅಂಟಿಕೊಂಡು ನಿಂತಿದ್ದ ಹೆಣ್ಣುಮಗಳೊಬ್ಬಳಿಗೆ ಒಳಗಿನವರು ತೆಲುಗಿನಲ್ಲಿ ಏನೋ ಮತ್ತೆ ಮತ್ತೆ ಹೇಳುತ್ತಿದ್ದರು. ಅವಳಿಗೆ ಅದು ತಿಳಿಯುತ್ತಿರಲಿಲ್ಲ. "ಹಂಗಂದ್ರ ಹೆಂಗ್ರಿ? ಹಂಗಂದ್ರ ಹೆಂಗ್ರಿ?" ಎಂದು ಕನ್ನಡದಲ್ಲೇ ಕೇಳುತ್ತ ನಿಂತಿದ್ದಳು.

ಹತ್ತಿರ ಹೋಗಿ, "ಯಾವೂರವ್ವಾ ನಿಂದು?" ಎಂದೆ.

ಅವಳು ತಟ್ಟನೆ ತಿರುಗಿದಳು. "ಯಾದಗಿರಿ ಕಡೀವರ್ರಿ ಅಕ್ಕಾರ. ನಮ್ಮ ಮಾತ ಬರ್ತಾವೇನ್ರಿ ನಿಮಗ?"

"ಬರ್ತಾವ. ಏನಾಗೈತಿ ಹೇಳು."

"ನನ್ನ ಗಂಡಗ ನಾಲಿಗಿ ಕ್ಯಾನ್ಸರ್ ಐತ್ರಿ. ಗಾರೆ ಕೆಲಸ ಮಾಡಾಂವ. ಪಟಾನ್‌ಚೆರುದಾಗ ಶೆಡ್ಡಿನ್ಯಾಗ ಇದ್ದೀವಿ. ಮೊದಲ ಹದಿನೈದು ದಿನದ ಗುಳಿಗಿ ಕೊಡ್ತಿದ್ರು. ಈಗ ಮೂರು ದಿನದ್ದೇ ಕೊಡಾಕತ್ತಾರ. ಅದೂ ಪೇಶಂಟೇ ಬರಬೇಕಂತ. ಎರಡು ಬಸ್ ಬದ್ಲಿ ಮಾಡಿ ಕರಕೊಂಡು ಬರ್ತೀನ್ರಿ. ಬಸ್ ಗುಂಡಿಗೆ ಬಿದ್ರ ಸಾಕು, ಬಾಯಾಗ ಅರಿವಿ ತುರುಕ್ಕೊಂಡು ಅಳ್ತಾನ. ಇವತ್ತ ಅಂವಗ ಏಳಾಕೇ ಆಗ್ಲಿಲ್ಲ. ನಾ ಒಬ್ಬಾಕೀನೇ ಬಂದೀನಿ. ಕೊಡಂಗಿಲ್ಲ ಅಂತಾರ."

"ಯಾಕಂತ?"

"ಯಾರೋ ಮ್ಯಾಲಿನವ್ರು ಹೊಸಾ ಕಾನೂನ ತಂದಾರಂತ್ರಿ."

ಕಿಟಕಿಯ ಗಾಜಿಗೆ ನನ್ನ ಸುತ್ತೋಲೆಯ ಎರಡನೆಯ ಪುಟವನ್ನು ಅಂಟಿಸಿದ್ದರು. ಒಳಗೆ ಹೋದೆ. ಅಲ್ಲಿನ ಹಿರಿಯ ಫಾರ್ಮಸಿಸ್ಟ್, ತಲೆಯೆಲ್ಲ ನರೆತ ಹೆಂಗಸು, ನನ್ನನ್ನು ಗುರುತು ಹಿಡಿದರು. ಈ ಹೆಣ್ಣುಮಗಳಿಗೆ ಹದಿನೈದು ದಿನದ ಗುಳಿಗೆ ಕೊಡಿ, ಜವಾಬ್ದಾರಿ ನನ್ನದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅವರು ಗುಳಿಗೆ ಎಣಿಸಿ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದರು.

"ಇವಳೊಬ್ಬಳಿಗೆ ಆಯಿತು ಮೇಡಂ. ಹಿಂದೆ ನಿಂತವರಿಗೆಲ್ಲ ನೀವು ಎಷ್ಟು ಹಾಳೆ ಬರೆಯುತ್ತೀರಿ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಇಲ್ಲಿ ಕೂತು ಅರ್ಧ ಆಯುಷ್ಯ ಕಳೆದೆ. ನೋವು ತಿಂದವರು ಗುಳಿಗೆಯನ್ನು ಮಾರುವುದಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಮಲಗುತ್ತಾರೆ. ನೀವು ಹುಡುಕುತ್ತಿರುವ ಬಾಟಲಿಗಳು ಇಲ್ಲಿಗೆ ಬಂದೇ ಇಲ್ಲ. ಅವು ಎಲ್ಲಿಂದ ಹೊರಟವು, ಅದನ್ನು ನೋಡಿ."

ಆ ದಿನ ನಡೆದುಕೊಂಡು ಮನೆಗೆ ಹೋಗುವ ಶಕ್ತಿ ಇರಲಿಲ್ಲ. ಆಟೋ ಹಿಡಿದೆ. ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಜೋಳದ ರೊಟ್ಟಿ ಮುರಿಯುತ್ತ, "ಮಾರಿದಾಂವ ಯಾರಿಗೆ ಕಳಿಸ್ದೆ ಅಂತ ಬರೀತಾನಲ್ಲ?" ಎಂದ.

"ಬರೀತಾನ. ಬಿಲ್ ಇರ್ತೈತಿ."

"ತಗೊಂಡಾಂವ ಬಂತು ಅಂತ ಬರದು ಕಳಸ್ತಾನೇನು?"

"ಅವನ ಅಂಗಡ್ಯಾಗ ರಿಜಿಸ್ಟರ್ ಇರ್ತೈತಿ. ನಾವು ಹೋದಾಗ ತೋರಸ್ತಾನ."

"ಅಂದ್ರ ಎರಡೂ ಕಾಗದ ಒಂದು ಕಡೆ ಸೇರೋದೇ ಇಲ್ಲ," ಎಂದ ಅಪ್ಪ. "ಪಾರ್ಸಲ್‌ದಾಗ ನಾವು ಹಂಗ ಬಿಡ್ತಿರಲಿಲ್ಲವ್ವಾ. ಇಲ್ಲಿಂದ ಹೋದ ಪ್ರತಿಯೊಂದು ಡಬ್ಬಿಗೂ ಮುಂದಿನ ಸ್ಟೇಷನ್‌ದಿಂದ 'ಮುಟ್ಟಿತು' ಅಂತ ಕಾಗದ ಬರಬೇಕು. ಬರಲಿಲ್ಲ ಅಂದ್ರ ಅವತ್ತೇ ಹುಡುಕಾಟ ಸುರು."

ಎದುರಿಗಿದ್ದ ತಂಗಿ, "ಅಕ್ಕಾ, ಇದು ಕಂಪ್ಯೂಟರಿಗೆ ಭಾಳ ಹಗುರ ಕೆಲಸ. ಮಾರಿದವರ ಪಟ್ಟಿ ಒಂದು ಕಡೆ, ತಗೊಂಡವರ ಪಟ್ಟಿ ಒಂದು ಕಡೆ. ಯಾವುದಕ್ಕ ಜೋಡಿ ಇಲ್ಲ ಅದನ್ನ ಅದೇ ತೋರಸ್ತೈತಿ," ಎಂದಳು.

ಹಿರಿಯ ಅಧಿಕಾರಿಯ ಅನುಮತಿ ಪಡೆದು ನಾಲ್ಕು ಶನಿವಾರ ತಂಗಿಯನ್ನು ಕಚೇರಿಗೆ ಕರೆತಂದೆ. ನಮ್ಮಲ್ಲಿ ಇದ್ದದ್ದು ಎರಡೇ ಕಂಪ್ಯೂಟರ್, ಒಂದಕ್ಕೆ ಸದಾ ಬಟ್ಟೆ ಹೊದಿಸಿರುತ್ತಿದ್ದರು. ಅವಳು ಆ ಬಟ್ಟೆ ತೆಗೆದು ಮಡಚಿಟ್ಟು ಕೂತಳು. ಸಗಟು ವ್ಯಾಪಾರಿಗಳಿಂದ ನಾನು ತರಿಸಿದ ಬಿಲ್ಲುಗಳನ್ನು ಒಂದೊಂದಾಗಿ ಓದಿ ಹೇಳಿದೆ, ಅವಳು ಏರಿಸಿದಳು. ಅಂಗಡಿಗಳ ರಿಜಿಸ್ಟರುಗಳ ನಕಲನ್ನು ಇನ್‌ಸ್ಪೆಕ್ಟರುಗಳು ವಾರವಿಡೀ ತಂದು ಸುರಿದರು. ನಾಲ್ಕನೆಯ ಶನಿವಾರ ಮಧ್ಯಾಹ್ನ ಅವಳು ಒಂದು ಕೀಲಿ ಒತ್ತಿ ಹಿಂದಕ್ಕೆ ಒರಗಿದಳು. ಪರದೆಯ ಮೇಲೆ ಏಳು ಅಂಗಡಿಗಳ ಹೆಸರು ಬಂದವು. ಏಳಕ್ಕೂ ಒಬ್ಬನೇ ಸಗಟು ವ್ಯಾಪಾರಿ ಪೆಟ್ಟಿಗೆಗಟ್ಟಲೆ ಸಿರಪ್ಪು, ಇಂಜೆಕ್ಷನ್ನು ಕಳಿಸಿದ್ದ. ಬಯಲಿನಲ್ಲಿ ಸಿಕ್ಕ ಬಾಟಲಿಗಳ ಬ್ಯಾಚ್ ಸಂಖ್ಯೆಯೂ ಅದೇ ಬಿಲ್ಲುಗಳಲ್ಲಿತ್ತು. ಆದರೆ ಆ ಏಳು ಅಂಗಡಿಗಳ ರಿಜಿಸ್ಟರ್ ನಮ್ಮ ಇನ್‌ಸ್ಪೆಕ್ಟರುಗಳಿಗೆ ಸಿಕ್ಕಿರಲೇ ಇಲ್ಲ.

ಸೋಮವಾರ ನಾನೇ ಜೀಪು ಹತ್ತಿದೆ. ಮೊದಲ ವಿಳಾಸ ಮಾದಾಪುರದ ಹತ್ತಿರದ್ದು. ಹೋಗಿ ನೋಡಿದರೆ ಅಲ್ಲಿ ಎರಡಾಳು ಆಳದ ಪಾಯದ ಗುಂಡಿ, ಅದರೊಳಗೆ ಕಂಬಿ ಕಟ್ಟುತ್ತಿದ್ದ ಕೂಲಿಯವರು. ಕಾವಲುಗಾರನನ್ನು ಕೇಳಿದೆ. "ಇಲ್ಲೊಂದು ಅಂಗಡಿಸಾಲು ಇತ್ತಮ್ಮ. ಕೆಡವಿ ವರ್ಷ ದಾಟಿತು," ಎಂದ. ನಾನು ಕೈಯಲ್ಲಿದ್ದ ಬಿಲ್ಲು ನೋಡಿದೆ. ಅದು ಹಿಂದಿನ ತಿಂಗಳಿನದು. ಗುಂಡಿಯ ಹೆಸರಿಗೆ ನಲವತ್ತು ಪೆಟ್ಟಿಗೆ ಔಷಧ ಬಂದಿತ್ತು! ಉಳಿದ ಆರರಲ್ಲಿ ಒಂದು ಕ್ಷೌರದಂಗಡಿ, ಒಂದರ ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು, ನಾಲ್ಕರ ಮನೆ ನಂಬರೇ ಆ ರಸ್ತೆಗಳಲ್ಲಿ ಇರಲಿಲ್ಲ.

ಮುಚ್ಚಿಹೋದ ಅಂಗಡಿಗಳ ಪರವಾನಗಿ, ಹುಟ್ಟೇ ಇರದ ಅಂಗಡಿಗಳ ಕಾಗದ, ಇವೆರಡನ್ನೂ ಇಟ್ಟುಕೊಂಡು ಆ ವ್ಯಾಪಾರಿ ಮಾಲನ್ನು ಹೊರಗೆ ಬಿಡುತ್ತಿದ್ದ. ಅವನ ಗೋದಾಮಿಗೆ ಸೀಲು ಹಾಕಿದೆವು. ಸೀಲು ಹಾಕುವಾಗಲೂ ಅವನು, "ನನ್ನ ಕಾಗದ ಎಲ್ಲ ಸರಿ ಇವೆ ಮೇಡಂ," ಎನ್ನುತ್ತಲೇ ಇದ್ದ. ಒಂದು ಮಟ್ಟಿಗೆ ಅದು ನಿಜವೇ. ಕಾಗದ ಸರಿ ಇದ್ದವು, ಅಂಗಡಿಗಳು ಇರಲಿಲ್ಲ. ಅವನ ಮೇಲಿನ ಕೇಸು ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು ಶಿಕ್ಷೆಯಾಯಿತು.

ಗೋದಾಮಿಗೆ ಸೀಲು ಬಿದ್ದ ವಾರವೇ ನನ್ನದೇ ಸುತ್ತೋಲೆಯನ್ನು ರದ್ದು ಮಾಡಬೇಕೆಂದು ಟಿಪ್ಪಣಿ ಬರೆದು ಹಿರಿಯ ಅಧಿಕಾರಿಯ ಮುಂದಿಟ್ಟೆ.

"ಬರೆದವಳು ನೀನೇ, ಬೇಡ ಅನ್ನುವವಳೂ ನೀನೇ. ಜನ ನಗುತ್ತಾರಮ್ಮ," ಎಂದರು.

"ನಗಲಿ ಸರ್. ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಅಳುವುದು ನಿಂತರೆ ಸಾಕು."

ಅವರು ಫೈಲನ್ನು ಮತ್ತೊಮ್ಮೆ ತಿರುವಿ ನೋಡಿ, "ಹೊಸದನ್ನು ಬರೆ. ಮೇಲಿನ ಸಭೆಯಲ್ಲಿ ನೀನೇ ಮಾತಾಡು," ಎಂದರು.

ಈ ಸಲ ಒಬ್ಬಳೇ ಕೂತು ಬರೆಯಲಿಲ್ಲ. ಆಸ್ಪತ್ರೆಯ ಆ ಹಿರಿಯ ಫಾರ್ಮಸಿಸ್ಟರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಸಗಟು ವ್ಯಾಪಾರಿ ಹೊಸ ಅಂಗಡಿಗೆ ಮಾಲು ಕಳಿಸುವ ಮುನ್ನ ಆ ಅಂಗಡಿ ಇದೆಯೆಂದು ಕಣ್ಣಾರೆ ನೋಡಿ ಬರೆದುಕೊಡಬೇಕು. ಮಾರಿದವನೂ ಕೊಂಡವನೂ ಪ್ರತಿ ತಿಂಗಳು ನಮಗೆ ಪಟ್ಟಿ ಕಳಿಸಬೇಕು, ಎರಡನ್ನೂ ನಾವು ಜೋಡಿಸಿ ನೋಡಬೇಕು. ಅಂಗಡಿ ಮುಚ್ಚಿದ ದಿನವೇ ಪರವಾನಗಿ ಮುಗಿಯಬೇಕು. ಇದು ಬಿಗಿಯಾದ ಭಾಗ. ಸಡಿಲಿಸಿದ್ದು ಇದು: ಮಾರ್ಫಿನ್ ಇಡುವ ಆಸ್ಪತ್ರೆಗೆ ಅಲ್ಲಿಯವರೆಗೆ ಬೇಕಿದ್ದ ಹಲವು ಪರವಾನಗಿಗಳ ಬದಲು ಒಂದೇ ಮಾನ್ಯತೆ, ರೋಗಿಗೊಂದು ಕಾರ್ಡು, ಮನೆಯವರು ಯಾರೇ ಬಂದರೂ ಹದಿನೈದು ದಿನದ ಗುಳಿಗೆ. ರೋಗಿ ತೀರಿಕೊಂಡರೆ ಉಳಿದ ಗುಳಿಗೆಯನ್ನು ಹಿಂದಿರುಗಿಸಬೇಕು ಎಂಬ ಸಾಲು ಫಾರ್ಮಸಿಸ್ಟರದು.

ಸಭೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಅದೇ ಸಾಲಿನ ಮೇಲೆ ಬೆರಳಿಟ್ಟರು. "ಹೆಣ ಇಟ್ಟುಕೊಂಡು ಕೂತವರು ಗುಳಿಗೆ ತಂದು ಕೊಡುತ್ತಾರೆಯೇ? ಒಂದು ಗುಳಿಗೆ ತಪ್ಪಿದರೂ ಯಾರು ಹೊಣೆ?"

"ನಾನು ಹೊಣೆ ಸರ್. ಟಿಪ್ಪಣಿಯ ಕೆಳಗೆ ನನ್ನ ಸಹಿ ಇದೆ," ಎಂದೆ. ಏಳು ಅಂಗಡಿಗಳ ಪಟ್ಟಿಯನ್ನೂ ಆ ಗುಂಡಿಯ ಫೋಟೋವನ್ನೂ ಎಲ್ಲರ ಮುಂದೆ ಸರಿಸಿದೆ. ಫೋಟೋ ಮೇಜಿನ ಸುತ್ತ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮಾತು ನನ್ನ ಪರವಾಗಿ ತಿರುಗಿತ್ತು. ಆದೇಶ ಹೊರಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. "ನಿಮ್ಮ ಕನ್ನಡದವಳು ಬಂದಿದ್ದಾಳೆ," ಎಂದರು ಫಾರ್ಮಸಿಸ್ಟ್. ಕೈಯಲ್ಲಿದ್ದ ಕೆಲಸ ಬಿಟ್ಟು ಹೋದೆ. ಅವಳು ಬೆಂಚಿನ ಮೇಲೆ ಕೂತಿದ್ದಳು. ಹಣೆ ಬರಿದಾಗಿತ್ತು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಒಳಗೆ ಹದಿನೆಂಟು ಗುಳಿಗೆ, ಮೇಲೆ ಮಡಚಿದ ಕಾರ್ಡು.

"ಉಳಿದಿದ್ದು ವಾಪಸ್ ಕೊಡಬೇಕು ಅಂದಿದ್ರು. ಅಂವ ಹೋಗಿ ಹದಿಮೂರು ದಿನ ಆತ್ರಿ. ನಾಳೆ ಊರಿಗೆ ಹೊಂಟೀನಿ, ಅದಕ್ಕ ಇವತ್ತೇ ಬಂದೆ."

ಫಾರ್ಮಸಿಸ್ಟ್ ಕಾರ್ಡು ನೋಡಿ, ಗುಳಿಗೆ ಎಣಿಸಿ, ತಲೆಯಾಡಿಸಿದರು. ಒಂದೂ ಹೆಚ್ಚು ಕಡಿಮೆ ಇರಲಿಲ್ಲ.

"ಕಡೀಕ ನೋವು ಭಾಳಿತ್ತೇನು?" ಎಂದು ಕೇಳಿದೆ.

"ಇಲ್ರಿ. ಕಡೀ ತಿಂಗಳ ಸಮಾಧಾನದಿಂದ ಇದ್ದ. ಮಾತ ಬರ್ತಿರಲಿಲ್ಲ, ಖರೆ ಮಗಳ ಜಡಿ ತಾನೇ ಹೆಣೀತಿದ್ದ. ದಿನಾ."

ಆಗ ಹೇಳಿಬಿಟ್ಟೆ. "ಅವತ್ತ ಮೂರು ದಿನದ ಕಾನೂನ ಅಂದೆಲ್ಲ, ಅದನ್ನ ಬರದಾಕಿ ನಾನವ್ವಾ."

ಅವಳು ನನ್ನ ಮುಖ ನೋಡಿದಳು. "ಮತ್ತ ಅದನ್ನ ತಗದಾಕಿ?" ಎಂದಳು.

"ಅದೂ ನಾನೇ."

"ಹಂಗಾರ ಬಿಡ್ರಿ ಅಕ್ಕಾರ," ಎಂದು ಡಬ್ಬಿಯ ಮುಚ್ಚಳ ಹಾಕಿಕೊಂಡು ಎದ್ದಳು. ಕಾಚಿಗೂಡದಿಂದ ಯಾವ ಗಾಡಿ ಹಿಡಿಯಬೇಕೆಂದು ಹೇಳಿ, ಬಸ್ ನಿಲ್ದಾಣದವರೆಗೆ ಜೊತೆಗೆ ಹೋಗಿ ಬಂದೆ.

ಮುಂದಿನ ವರ್ಷಗಳಲ್ಲಿ ಆ ಆದೇಶದ ಪ್ರತಿ ಕೇಳಿ ಬೇರೆ ರಾಜ್ಯಗಳಿಂದ ಕಾಗದ ಬಂದವು. ಆದೇಶದ ಮೇಲೆ ನನ್ನ ಹೆಸರಿಲ್ಲ, ಸಂಖ್ಯೆಯೊಂದೇ ಇದೆ. ಒಮ್ಮೆ ಹೊಸದಾಗಿ ಸೇರಿದ ಇನ್‌ಸ್ಪೆಕ್ಟರುಗಳಿಗೆ ತರಬೇತಿ ಕೊಡಲು ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: "ಸರ್ಕಾರಿ ಆದೇಶಗಳಲ್ಲಿ ಇದೊಂದು ಓದಿದ ಕೂಡಲೇ ತಿಳಿಯಿತು ನೋಡು. ಯಾರು ಬರೆದರೋ?"

ತಿರುಗಿ, "ನಾನು ಬರೆದದ್ದು," ಎಂದೆ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಅನ್ನ ಆರುವವರೆಗೂ ತಟ್ಟೆ ಹಿಡಿದು ನಿಂತು, ನಮ್ಮಪ್ಪನ ಪಾರ್ಸಲ್ ಕಚೇರಿಯಿಂದ ಹಿಡಿದು ಎಲ್ಲವನ್ನೂ ಅವರಿಬ್ಬರಿಗೆ ಹೇಳಿದೆ.