ಉಪ್ಪು ಬಿಟ್ಟ ಚಿಕ್ಕಮ್ಮ

ಬಿಪಿ ಏರಿದೆಯೆಂದು ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದಾರೆ. ಮೊನ್ನೆ ಸೊಸೆ ಬಡಿಸಿದ ಸಪ್ಪೆ ಸಾರಿನ ಮುಂದೆ ಮುಖ ಸಿಂಡರಿಸಿ ಕೂತಾಗ ದಂಡಿನಶಿವರದ ಚಿಕ್ಕಮ್ಮ ನೆನಪಾದಳು. ನಾನು ಡಾಕ್ಟರಿಗೆ ಹೆದರಿ ಉಪ್ಪು ಬಿಟ್ಟವಳು. ಅವಳು ಮಗಳಿಗಾಗಿ ಬಿಟ್ಟಿದ್ದಳು.

ಎಂಬತ್ತರ ದಶಕದ ಮಾತು. ಅವಳ ಮಗಳು ಗಿರಿಜೆ ನನ್ನ ಓರಗೆಯವಳು, ತುರುವೇಕೆರೆಯಲ್ಲಿ ಪಿಯುಸಿ ಓದುತ್ತಿದ್ದಳು. ಮೊಣಕಾಲು ನೋವೆಂದು ಶುರುವಾದದ್ದು ಮೂಳೆಯ ಕ್ಯಾನ್ಸರಾಗಿತ್ತು. ಬೆಂಗಳೂರಿನಲ್ಲಿ ಕಾಲು ತೆಗೆದರು, ಇಂಜೆಕ್ಷನ್ ಕೊಟ್ಟರು, ಮಾರುದ್ದದ ಜಡೆ ಉದುರಿಹೋಯಿತು. ಮಗಳು ವಾಸಿಯಾಗುವವರೆಗೆ ಉಪ್ಪು ಮುಟ್ಟುವುದಿಲ್ಲವೆಂದು ಚಿಕ್ಕಮ್ಮ ಮನೆದೇವರಿಗೆ ಹರಕೆ ಹೊತ್ತಳು. ಗಿರಿಜೆಯನ್ನು ನೋಡಿಕೊಳ್ಳಲು ಅವರ ಮನೆಯಲ್ಲೇ ಇದ್ದ ನಾನೂ ಜೊತೆಗಿರೋಣವೆಂದು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಉಪ್ಪಿನಕಾಯಿ ಜಾಡಿಯ ಹತ್ತಿರ ಸಿಕ್ಕಿಬಿದ್ದೆ. ಗಿರಿಜೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನಗುವುದಕ್ಕೂ ಉಸಿರು ಸಾಲದಾಯಿತು. ರೋಗ ಶ್ವಾಸಕೋಶಕ್ಕೆ ಹಬ್ಬಿದೆ, ವಾಸಿಯಾಗುವಂಥದ್ದಲ್ಲ, ಬೇಕಿದ್ದರೆ ಇಂಜೆಕ್ಷನ್ನಿನಲ್ಲಿ ಇನ್ನಷ್ಟು ದಿನ ತಳ್ಳಬಹುದು ಎಂದರು ಬೆಂಗಳೂರಿನ ಡಾಕ್ಟರು. ಗಿರಿಜೆ "ನಾ ಇನ್ನ ಆಸ್ಪತ್ರೆಗೆ ಬರಲ್ಲ" ಎಂದುಬಿಟ್ಟಳು.

ಚಿಕ್ಕಪ್ಪ ಕೊಬ್ಬರಿ ವ್ಯಾಪಾರಿ. ಅವರಿಗೆ ಎಲ್ಲ ನ್ಯಾಯವೂ ಕಾಯಿ ಒಣಗುವ ಅಟ್ಟದಿಂದಲೇ ಇಳಿಯಬೇಕು. "ವರ್ಷ ತುಂಬ್ದೆ ಕಾಯಿ ಇಳಿಸ್ತಾರೇನವ್ವ? ತಾಳ್ಮೆ ಇರ್ಬೇಕು ಕಣೇ" ಎಂದರು.

"ಕೊಳೆತ ಕಾಯಿನ ಎಷ್ಟ್ ದಿನ ಮಡಗ್ತೀಯಪ್ಪ?" ಎಂದಳು ಮಗಳು. ಅವರು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದರು.

ಚಿಕ್ಕಮ್ಮ ಮಾತ್ರ ಬಗ್ಗಲಿಲ್ಲ. ಬೆಂಗಳೂರಿಗೆ ಹೊರಡಲು ಬಟ್ಟೆ ಜೋಡಿಸುತ್ತ, "ನಿಂಗೋಸ್ಕರ ಉಪ್ಪು ಬುಟ್ಟಿವ್ನಿ ಕಣೇ" ಎಂದಳು.

"ಅದ್ಕೇ ಹೇಳ್ತಿರೋದು. ಉಪ್ಪು ತಿನ್ನವ್ವ. ನನ್ನ ಬುಟ್ಬುಡು. ಸಾಕಾಗೈತೆ."

ನನಗೆ ಸಿಟ್ಟು ಬಂತು. ಹತ್ತೊಂಬತ್ತರ ಹುಡುಗಿಗೆ ಸಾಕಾಗುವುದೆಂದರೇನು, ನೀವೇ ಹೇಳಿ. ಆದರೆ ಅವಳು ಕೆಮ್ಮುವಾಗ ಬೆನ್ನು ನೀವುತ್ತಿದ್ದವಳು ನಾನೇ. ಕರೆದುಕೊಂಡು ಹೋಗಿ ಎನ್ನಲು ಬಾಯಿ ಬರಲಿಲ್ಲ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಚಿಕ್ಕಮ್ಮ ಮುದ್ದೆ, ಸಾರು ಬಡಿಸಿಕೊಂಡು ಗಿರಿಜೆಯ ಮಂಚದ ಪಕ್ಕವೇ ಕೂತಳು. ನನ್ನ ಕಡೆ ನೋಡದೆ "ಉಪ್ಪು ತಾರೇ" ಎಂದಳು. ತಂದುಕೊಟ್ಟೆ. ಸಾರಿಗೆ ಹಾಕಿ, ಮುದ್ದೆ ಮುರಿದು ಅದ್ದಿ, ಮಗಳನ್ನೇ ನೋಡುತ್ತ ನುಂಗಿದಳು.

"ಹೆಂಗೈತವ್ವ?"

"ರುಚಿಯಾಗೈತೆ ಕಣೇ" ಎಂದಳು ಚಿಕ್ಕಮ್ಮ. ಮುಂದಿನ ತುತ್ತು ಮುರಿದು ಕೈಯಲ್ಲೇ ಹಿಡಿದು ಕೂತಳು. ಗಿರಿಜೆ ಮಲಗಿದಲ್ಲಿಂದಲೇ ಕೈ ಚಾಚಿ ಅವಳಿಗೆ ನೀರಿನ ಲೋಟ ಸರಿಸಿದಳು. ಬೆಂಗಳೂರಿಗೆಂದು ಚೀಲಕ್ಕೆ ಜೋಡಿಸಿದ್ದ ಬಟ್ಟೆಯೆಲ್ಲ ಸಂಜೆ ಮತ್ತೆ ಮನೆಯ ಪೆಟ್ಟಿಗೆ ಸೇರಿತು.

ಯುಗಾದಿಗೆ ಮುಂಚೆ ಗಿರಿಜೆ ಮನೆಯಲ್ಲೇ, ಅವ್ವನ ತೊಡೆಯ ಮೇಲೆ ಹೋದಳು. ಹರಕೆ ಮುರಿದು ಮಗಳನ್ನು ತಿಂದುಕೊಂಡವಳು ಎಂದು ಊರು ಆಡಿಕೊಂಡಿತು. ಊರ ಬಾಯಿ ಮುಚ್ಚಲು ಮೂಕುಡವುಂಟೇ? ಆದರೂ ನನಗೆ ತಡೆಯಲಾಗದೆ ಚಿಕ್ಕಮ್ಮನನ್ನು, ಮಗಳೇ ಕೇಳಿಕೊಂಡಳೆಂದು ನೀನ್ಯಾಕೆ ಹೇಳುವುದಿಲ್ಲ ಎಂದು ಕೇಳಿದೆ.

"ತಪ್ಪ ಸತ್ತೋಳ ಮ್ಯಾಲೆ ಯಾಕಾಕ್ಲಿ? ನನ್ ಮ್ಯಾಲೇ ಇರ್ಲಿ ಬುಡು."

ಈಗ ನನಗೂ ವಯಸ್ಸಾಯಿತು, ಬೇಗ ದಣಿವಾಗುತ್ತದೆ. ಕಾಯಿಲೆಯವರನ್ನು ನೋಡಲು ಹೋದಾಗ, ಧೈರ್ಯ ತಂದುಕೊಳ್ಳಿ ಎನ್ನುವುದನ್ನು ನಿಲ್ಲಿಸಿದ್ದೇನೆ. ಪಕ್ಕದಲ್ಲಿ ಕೂತು, ನಿಮಗೇನು ಬೇಕು ಎಂದಷ್ಟೇ ಕೇಳುತ್ತೇನೆ.